ಲಾಕೆಟ್ಟಿನ ಬೆನ್ನು ಹತ್ತಿ ಕೊನೊಪಿಷ್ಟೆಗೆ

ಚೆಕ್ ನಾಡಿನ ಅರಮನೆಗಳಿಗೆ ಸೋಮವಾರ ರಜೆ ಎಂದು ನನಗೆ ಗೊತ್ತಾದದ್ದು ಸೋಮವಾರವೇ, ಕೊನೊಪಿಷ್ಟೆಯ ಮುಚ್ಚಿದ ಬಾಗಿಲ ಮುಂದೆ ನಿಂತಾಗ. ಪ್ರಾಗ್‌ನಿಂದ ಸುಮಾರು 50 ಕಿಲೋಮೀಟರ್, ಬೆನೆಶೊವ್‌ನಲ್ಲಿ ರೈಲು ಇಳಿದು ಮರಗಳ ನಡುವೆ ನಡಿಗೆ. ಮಂಗಳವಾರ ಎಲ್ಲವನ್ನೂ ಮತ್ತೊಮ್ಮೆ ಮಾಡಿದೆ.

ತಲೆಯಲ್ಲಿ ಹೊಕ್ಕಿದ್ದು 2006ರ ಸಿನಿಮಾ ‘ದಿ ಇಲ್ಯೂಷನಿಸ್ಟ್’. ಕಥೆ ನಡೆಯುವುದು ವಿಯೆನ್ನಾದಲ್ಲಿ, ಚಿತ್ರೀಕರಣವಾದದ್ದು ಬಹುಪಾಲು ಇಲ್ಲಿ. ವಿಯೆನ್ನಾದ ಬೀದಿಗಳಾಗಿದ್ದು ತಾಬೋರ್ ಮತ್ತು ಪ್ರಾಗ್. ದುಷ್ಟ ಯುವರಾಜ ಲಿಯೊಪೋಲ್ಡನ ಅರಮನೆಯೇ ಕೊನೊಪಿಷ್ಟೆ. ಜಾದೂಗಾರ ಐಸೆನ್‌ಹೈಮ್ ವೇದಿಕೆ ಮೇಲೆ ಬೆಳೆಸುವ ಕಿತ್ತಳೆ ಗಿಡಕ್ಕೂ ಮೂಲವಿದೆ. 1840ರ ದಶಕದಲ್ಲಿ ಫ್ರಾನ್ಸಿನ ರಾಬೇರ್ ಊದಿನ್ ಅದನ್ನು ಯಂತ್ರದಿಂದ ಮಾಡಿ ತೋರಿಸುತ್ತಿದ್ದ. ಆತ ಕಸುಬಿನಿಂದ ಗಡಿಯಾರದವನು. ನಿಜವಾದ ಹಣ್ಣುಗಳನ್ನೇ ಕೊಂಬೆಗೆ ಚುಚ್ಚಿ ಎಲೆಗಳ ಮರೆಯಲ್ಲಿ ಅಡಗಿಸಿಟ್ಟಿರುತ್ತಿದ್ದ. ಸಿನಿಮಾದ ಗಿಡ ಕಂಪ್ಯೂಟರಿನದು, ನನಗೆ ಅಷ್ಟು ಹಿಡಿಸಲಿಲ್ಲ. ಹಿಡಿಸಿದ್ದು ಲಾಕೆಟ್. ಬಡಗಿಯ ಮಗನಾದ ಐಸೆನ್‌ಹೈಮ್ ಡಚೆಸ್ ಸೋಫಿಗೆಂದು ಮರದಲ್ಲಿ ಮಾಡಿಕೊಟ್ಟದ್ದು, ತಿರುವುವ ಗುಟ್ಟು ಗೊತ್ತಿದ್ದವರಿಗೆ ಮಾತ್ರ ಒಳಗಿನ ಫೋಟೊ ಕಾಣುತ್ತದೆ.

ಅರಮನೆಯೊಳಗೆ ಕಾಲಿಟ್ಟರೆ ಪ್ರೀತಿ ಪ್ರೇಮದ ಸುಳಿವೇ ಇಲ್ಲ. ಓಣಿಯುದ್ದಕ್ಕೂ ಕೊಂಬು, ಕೋರೆ, ಗಾಜಿನ ಕಣ್ಣು. ನನ್ನ ಭುಜದ ಮಟ್ಟದಲ್ಲಿ ಒಂದು ಪುಟ್ಟ ಕೊಂಬಿನ ಜೋಡಿ, ಇನ್ನೂ ಮರಿಯದಿರಬೇಕು, ಕೆಳಗೆ ಕೊಂದ ತಾರೀಖು. 1887ರಲ್ಲಿ ಈ ಅರಮನೆ ಕೊಂಡ, ಮುಂದೆ ಆಸ್ಟ್ರಿಯಾ-ಹಂಗೇರಿಯ ಸಿಂಹಾಸನಕ್ಕೆ ಉತ್ತರಾಧಿಕಾರಿಯಾದ ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನಾಂಡ್ ಬೇಟೆಯ ಲೆಕ್ಕ ಬರೆದಿಡುತ್ತಿದ್ದ; ಒಟ್ಟು ಎರಡೂಮುಕ್ಕಾಲು ಲಕ್ಷದ ಹತ್ತಿರ. 1893ರಲ್ಲಿ ಭಾರತಕ್ಕೂ ಬಂದು ಹುಲಿ ಹೊಡೆದಿದ್ದ. ಲಿಯೊಪೋಲ್ಡನಿಗೆ ಇದಕ್ಕಿಂತ ಒಪ್ಪುವ ಮನೆ ಸಿಗುತ್ತಿರಲಿಲ್ಲ ಅಂದುಕೊಂಡೆ.

ಖಾಸಗಿ ಕೋಣೆಗಳಿಗೆ ಬಂದಾಗ ಆ ಮಾತನ್ನು ವಾಪಸ್ ತಗೊಳ್ಳಬೇಕಾಯಿತು. ಗೋಡೆ, ಮೇಜು, ಎಲ್ಲೆಂದರಲ್ಲಿ ಹೆಂಡತಿ ಮಕ್ಕಳ ಫೋಟೊಗಳು. ಹೆಂಡತಿಯ ಹೆಸರು ಸೋಫಿ. ಸೋಫಿ ಖೋಟೆಕ್, ಒಬ್ಬ ಆರ್ಚ್‌ಡಚೆಸ್‌ಳ ಸಖಿಯಾಗಿದ್ದವಳು. ಆತ ಟೆನಿಸ್ ಅಂಗಳದಲ್ಲಿ ಬಿಟ್ಟುಹೋದ ಗಡಿಯಾರದ ಮುಚ್ಚಳವನ್ನು ಆ ಆರ್ಚ್‌ಡಚೆಸ್ ತೆರೆದಳಂತೆ. ಒಳಗೆ ತನ್ನ ಮಗಳ ಫೋಟೊ ಇರುತ್ತದೆ ಅಂದುಕೊಂಡವಳಿಗೆ ಕಂಡದ್ದು ಸಖಿಯ ಮುಖ! ಇಲ್ಲೂ ಮುಚ್ಚಳ, ಇಲ್ಲೂ ಸೋಫಿ. ಕುಲ ಸಾಲದು ಎಂದು ಚಕ್ರವರ್ತಿ ಪಟ್ಟು ಹಿಡಿದ. ಹುಟ್ಟುವ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ ಎಂದು 1900ರ ಜೂನ್ 28ರಂದು ಫರ್ಡಿನಾಂಡ್ ಪ್ರಮಾಣ ಮಾಡಿದ ಮೇಲೆಯೇ ಮದುವೆ. ಸರಿಯಾಗಿ ಹದಿನಾಲ್ಕು ವರ್ಷಕ್ಕೆ, ಅದೇ ಜೂನ್ 28ರಂದು, ಸರಯೇವೊದಲ್ಲಿ ಇಬ್ಬರೂ ಒಂದೇ ಕಾರಿನಲ್ಲಿ ಗುಂಡಿಗೆ ಬಲಿಯಾದರು. ವಿಯೆನ್ನಾದ ರಾಜಮನೆತನದ ಸಮಾಧಿಯಲ್ಲಿ ಸೋಫಿಗೆ ಜಾಗವಿರಲಿಲ್ಲ. ಅದಕ್ಕೇ ಆತ ಮೊದಲೇ ಆಸ್ಟ್ರಿಯಾದ ತನ್ನ ಇನ್ನೊಂದು ಅರಮನೆ ಆರ್ಟ್‌ಸ್ಟೆಟನ್‌ನಲ್ಲಿ ಇಬ್ಬರಿಗೂ ಬೇರೆ ಜಾಗ ಸಿದ್ಧಮಾಡಿಸಿಟ್ಟಿದ್ದ.

ಆತನನ್ನು ಕೊಂದ ಗುಂಡನ್ನು ಇಲ್ಲೇ, ಕೊನೊಪಿಷ್ಟೆಯಲ್ಲಿ ಇಟ್ಟಿದ್ದಾರೆ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಓಣಿಯ ಆ ಪುಟ್ಟ ಕೊಂಬಿನ ತುದಿಗಿಂತ ಹೆಚ್ಚೇನೂ ದಪ್ಪವಿಲ್ಲ.

ಹೊರಗೆ ಮಳೆ ಹಿಡಿದಿತ್ತು. ಸಂಜೆಯ ರೈಲಿಗೆ ತಾಬೋರ್‌ಗೆ ಹೋಗಿ ಸಿನಿಮಾದ ಬೀದಿಗಳನ್ನು ನೋಡುವುದೆಂದಿತ್ತು. ಬೆನೆಶೊವ್ ನಿಲ್ದಾಣದಲ್ಲಿ ಆ ರೈಲು ಬಂತು, ಬಾಗಿಲು ತೆರೆಯಿತು. ನಾನು ಬೆಂಚಿನಿಂದ ಏಳಲಿಲ್ಲ.