ಡಾಕ್ಟರಲ್ಲದ ನಿಮಗೆ ಅಲ್ಲೇನು ಕೆಲಸ?

ನಾನು ಕನ್ನಡ ಮೇಷ್ಟ್ರಾಗಿದ್ದವನು. ಈಗ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿದ್ದೇನೆ. ಅಲ್ಲಿ ರೋಗಿಗಳ ಮೇಲೆ ಹೊಸ ಔಷಧಿ ಪರೀಕ್ಷಿಸಲು ಈ ಕಮಿಟಿ ಒಪ್ಪಬೇಕು. ‘ಡಾಕ್ಟರಲ್ಲದ ನಿಮಗೆ ಅಲ್ಲೇನು ಕೆಲಸ?’ ಅಂತ ಸಿಕ್ಕವರೆಲ್ಲ ಕೇಳುತ್ತಾರೆ.

ಇದಕ್ಕೆ ಉತ್ತರ ಸಿಗುವುದು ಅಮೆರಿಕದ ಸಿಯಾಟಲ್ ನಗರದಲ್ಲಿ. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ಡಾಕ್ಟರು ರೋಗಿಯ ತೋಳಿನಲ್ಲೇ ಬಿಡಬಹುದಾದ ಟೆಫ್ಲಾನ್ ಕೊಳವೆ ಮಾಡಿದರು. ಕಿಡ್ನಿ ಪೂರ್ತಿ ಕೆಟ್ಟವರಿಗೂ ಮತ್ತೆ ಮತ್ತೆ ಡಯಾಲಿಸಿಸ್ ಮಾಡಿ ವರ್ಷಗಟ್ಟಲೆ ಉಳಿಸಿಕೊಳ್ಳುವ ದಾರಿ ಸಿಕ್ಕಿತು. ಆದರೆ ಮಷೀನು ಕೆಲವೇ, ಕಾಯುವವರು ಜಾಸ್ತಿ. ಯಾರನ್ನು ಉಳಿಸುವುದು? ಇದಕ್ಕೆ ಯಾವ ಬ್ಲಡ್ ಟೆಸ್ಟೂ ಉತ್ತರ ಕೊಡೋದಿಲ್ಲ, ಅಲ್ವಾ? ಹಾಗಾಗಿ ಏಳು ಜನರ ಕಮಿಟಿ ಕೂತಿತು. ವಕೀಲ, ಪಾದ್ರಿ, ಬ್ಯಾಂಕಿನವರು, ಕಾರ್ಮಿಕ ಮುಖಂಡ, ಒಬ್ಬ ಗೃಹಿಣಿ ಅದರಲ್ಲಿದ್ದರು. ಮಕ್ಕಳೆಷ್ಟು, ಸಂಪಾದನೆ ಏನು, ಚರ್ಚಿಗೆ ಹೋಗುತ್ತಾರಾ ಅಂತೆಲ್ಲ ತೂಗಿದರು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬರೆದಾಗ ದೊಡ್ಡ ಚರ್ಚೆಯೇ ಎದ್ದಿತು. ಅವರು ತೂಗಿದ ರೀತಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಪ್ರಶ್ನೆ ಡಾಕ್ಟರ ಕೋಣೆಯಿಂದ ಹೊರಗೆ ಬಂದದ್ದು ಸರಿ.

ಆಮೇಲೆ ಇಂಥ ಪ್ರಶ್ನೆಗಳನ್ನೇ ಅಧ್ಯಯನ ಮಾಡುವ ಸಂಸ್ಥೆಗಳು ಅಲ್ಲಿ ಒಂದೊಂದಾಗಿ ಹುಟ್ಟಿದವು. 1969ರಲ್ಲಿ ಹೇಸ್ಟಿಂಗ್ಸ್ ಸೆಂಟರ್, 1971ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೆನಡಿ ಸಂಸ್ಥೆ. ವೈದ್ಯಕೀಯದಲ್ಲಿ ಸರಿ ತಪ್ಪು ಯಾವುದು ಅಂತ ಕೇಳುವ ಈ ವಿಷಯಕ್ಕೆ ಬಯೋಎಥಿಕ್ಸ್ ಎಂಬ ಹೆಸರೂ ಆಗಲೇ ಚಾಲ್ತಿಗೆ ಬಂತು.

1972ರಲ್ಲಿ ಅಮೆರಿಕದ ಟಸ್ಕೀಗಿ ಎಂಬ ಊರಿನ ಸುದ್ದಿ ಹೊರಬಿತ್ತು. ಅಲಬಾಮಾ ರಾಜ್ಯದ ಆ ಊರಿನ ಕಡೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರನ್ನು ಸರ್ಕಾರದ ಆರೋಗ್ಯ ಇಲಾಖೆ 40 ವರ್ಷ ಸುಮ್ನೆ ನೋಡುತ್ತಾ ಕೂತಿತ್ತು. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದದ್ದು ಬರೀ ಪರೀಕ್ಷೆಗೆ. ಕರೆದ ಕಾಗದದಲ್ಲಿ ಮಾತ್ರ ‘ವಿಶೇಷ ಉಚಿತ ಚಿಕಿತ್ಸೆ’ ಅಂತ ಬರೆದಿದ್ದರು. ಆ ಕಾಗದ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 1974ರಲ್ಲಿ ಅಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ಇಂಥ ಕಮಿಟಿ ಒಪ್ಪಬೇಕು ಅನ್ನುವ ಕಾನೂನು ಬಂತು. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದಲ್ಲೂ ಇಂಥ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯರೊಬ್ಬರು ಇರಬೇಕು. ಆ ಕುರ್ಚಿ ನನ್ನದು.

ಹೋದ ಸಲ ರೋಗಿಗಳಿಗೆ ಕೊಡುವ ಒಪ್ಪಿಗೆ ಪತ್ರದಲ್ಲಿ ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಅಂತಿತ್ತು. ಮೇಷ್ಟ್ರಾದ ನಾನೇ ಎರಡು ಸಲ ಓದಿದೆ. ‘ಹೊಸ ಔಷಧಿ ಯಾರಿಗೆ, ಹಳೆಯದು ಯಾರಿಗೆ ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಡಾಕ್ಟರು ಆರಿಸುವುದಿಲ್ಲ’ ಅಂತ ತಿದ್ದಿಸಿದೆ. ಆಮೇಲೆ ಸಹಿ ಹಾಕಿದೆ.