ಔಷಧ ಕಪಾಟು ಮತ್ತು ಎರಡು ಅಕ್ಷರ
ಅಮೆರಿಕದ ಆಸ್ಪತ್ರೆಗಳ ವಾರ್ಡುಗಳಲ್ಲಿರುವ ಸ್ವಯಂಚಾಲಿತ ಔಷಧ ಕಪಾಟುಗಳು, ನರ್ಸ್ ಲಾಗಿನ್ ಆಗಿ ರೋಗಿಯ ಹೆಸರನ್ನು ಆರಿಸಿದ ಮೇಲೆ ಬೇಕಾದ ಡ್ರಾಯರನ್ನಷ್ಟೇ ತೆರೆದು, ಯಾರು, ಯಾವಾಗ, ಏನನ್ನು ತೆಗೆದರೆಂಬ ಲೆಕ್ಕವನ್ನೂ ಇಡುತ್ತವೆ. ತುರ್ತಿನಲ್ಲಿ ಫಾರ್ಮಸಿಸ್ಟರ ಪರಿಶೀಲನೆಗೆ ಕಾಯದೆ ಔಷಧ ಪಡೆಯುವ ‘ಓವರ್‌ರೈಡ್’ ಸೌಲಭ್ಯವೂ ಇದೆ. ನನ್ನ ತಕರಾರು ಇರುವುದು ಅಲ್ಲಿಯೇ. 2017ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ನರ್ಸ್ ಒಬ್ಬರು ಆತಂಕ ತಗ್ಗಿಸುವ ವರ್ಸೆಡ್‌ಗಾಗಿ ಓವರ್‌ರೈಡ್ ಬಳಸಿ, ಅದರ ಇಂಗ್ಲಿಷ್ ಹೆಸರಿನ ಮೊದಲ ‘ವಿ’, ‘ಇ’ ಎಂಬ ಎರಡೇ ಅಕ್ಷರ ಒತ್ತಿ, ಹಾಗೆಯೇ ಆರಂಭವಾಗುವ, ಸ್ನಾಯುಗಳನ್ನು ನಿಶ್ಚಲಗೊಳಿಸುವ ವೆಕ್ಯುರೋನಿಯಮ್ ಅನ್ನು ಹೊರತೆಗೆದರು; ರೋಗಿ ಉಳಿಯಲಿಲ್ಲ. ವರ್ಸೆಡ್ ದ್ರವ, ವೆಕ್ಯುರೋನಿಯಮ್ ಕಲಸಿಕೊಳ್ಳಬೇಕಾದ ಪುಡಿ, ಅದರ ಸೀಸೆಯ ಮುಚ್ಚಳದ ಮೇಲೆ ಎಚ್ಚರಿಕೆಯೂ ಇತ್ತು ಎಂಬುದು ನಿಜ, ಮತ್ತು 2022ರಲ್ಲಿ ಜ್ಯೂರಿ ಆ ನರ್ಸ್ ತಪ್ಪಿತಸ್ಥರೆಂದಿತು. ಎರಡೇ ಅಕ್ಷರಕ್ಕೆ ಪಟ್ಟಿ ತೆರೆದಿಟ್ಟ ವ್ಯವಸ್ಥೆಯನ್ನು ಮಾತ್ರ ಯಾರೂ ಕಟಕಟೆ ಹತ್ತಿಸಲಿಲ್ಲ. ಕನಿಷ್ಠ 5 ಅಕ್ಷರ ಒತ್ತಿದ ಮೇಲೆಯೇ ಹೆಸರು ತೋರಿಸಬೇಕೆಂಬುದು ಅಲ್ಲಿನ ಔಷಧ ಸುರಕ್ಷತಾ ತಜ್ಞರ ಶಿಫಾರಸು.