ಮುಳ್ಳಿಲ್ಲದ ಪಾಪಾಸುಕಳ್ಳಿ

ಆಸ್ಟ್ರೋಫೈಟಮ್ ಆಸ್ಟೆರಿಯಾಸ್‌ಗೆ ಮುಳ್ಳೇ ಇಲ್ಲ. ಸಾಮಾನ್ಯವಾಗಿ ಎಂಟು ಹೋಳುಗಳ ಚಪ್ಪಟೆ ಗುಂಡು, ಮೈತುಂಬ ಬಿಳಿ ಚುಕ್ಕೆ. ಸಹಜವಾಗಿ ಬೆಳೆಯುವುದು ಟೆಕ್ಸಾಸ್‌ನ ಸ್ಟಾರ್ ಕೌಂಟಿ ಮತ್ತು ಈಶಾನ್ಯ ಮೆಕ್ಸಿಕೋದ ಕೆಲವೇ ಕುರುಚಲು ಬಯಲುಗಳಲ್ಲಿ, ಹೆಚ್ಚಾಗಿ ಪೊದೆಗಳ ನೆರಳಲ್ಲಿ. ಬರ ಬಂದಾಗ ನೀರು ಕಳೆದುಕೊಂಡು ನೆಲದ ಮಟ್ಟಕ್ಕೆ ಕುಗ್ಗುತ್ತದೆ; ಕಾಲ ಬಳಿಯೇ ಇದ್ದರೂ ಕಾಣುವುದಿಲ್ಲ. 1993ರಿಂದ ಅಮೆರಿಕದ ಅಳಿವಿನಂಚಿನ ಪಟ್ಟಿಯಲ್ಲಿದೆ.

ಬೀಜದಿಂದ ಇಷ್ಟು ಸಲೀಸಾಗಿ ಹುಟ್ಟುವ ಗಿಡವನ್ನು ಇನ್ನೂ ಕಾಡಿನಿಂದ ಕೀಳುತ್ತಾರಲ್ಲ ಎಂದು ಸಂಕಟವಾಗುತ್ತದೆ. ತಾಜಾ ಬೀಜವನ್ನು ಕುಂಡಕ್ಕೆ ತುಂಬುವ ಒದ್ದೆ ಮಿಶ್ರಣದ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಮುಚ್ಚಳದ ಡಬ್ಬಿ, 25ರಿಂದ 30 ಡಿಗ್ರಿ ಬಿಸಿ, ಸೋಸಿದ ಬೆಳಕು. ಸಾಮಾನ್ಯವಾಗಿ ವಾರದೊಳಗೆ ಮೊಳಕೆ. ಪಾಚಿ ಕಂಡರೆ ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತ ಗಾಳಿಗೆ ಒಗ್ಗಿಸಿ.

ದೊಡ್ಡ ಗಿಡ ಸಾಯುವುದು ಹೆಚ್ಚಾಗಿ ಮಳೆಗಾಲದಲ್ಲಿ, ಕತ್ತಿನಿಂದ, ಅಂದರೆ ಗುಂಡು ಬೇರಿಗೆ ಸೇರುವ ಜಾಗದಿಂದ. ದಪ್ಪ ತಾಯಿಬೇರು ಒದ್ದೆಯಲ್ಲಿ ಕೂತರೆ ಬುಡ ಮೆತ್ತಗಾಗಿ ಕಂದುತ್ತದೆ. ಮೇಲೆ ಗೊತ್ತಾಗುವ ಹೊತ್ತಿಗೆ ಒಳಗೆ ಕೊಳೆತಿರುತ್ತದೆ. ನಮ್ಮ ಕರಾವಳಿ, ಮಲೆನಾಡಿನವರು ಮಳೆಗೆ ಒಡ್ಡಲೇಬೇಡಿ. ಮೂರು ಪಾಲು ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಸಣ್ಣ ಜಲ್ಲಿ, ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ, ಆಳದ ಕುಂಡ, ಕತ್ತಿನ ಸುತ್ತ ಬರೀ ಜಲ್ಲಿ. ತಳದವರೆಗೆ ಒಣಗಿದ ಮೇಲೆಯೇ ನೀರು. ಕೊಳೆ ಶುರುವಾಗಿದ್ದರೆ ಹಸಿರು ಅಂಗಾಂಶ ಸಿಗುವವರೆಗೂ ಕೊಯ್ದು, ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟಬಹುದು.

ಹೂವು ಹಳದಿ, ನಡುವೆ ಕೆಂಪು. ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ, ಬೇರೆ ಬೀಜದಿಂದ ಬಂದ ಇನ್ನೊಂದು ಗಿಡ ಅದೇ ದಿನ ಅರಳಿರಬೇಕು. ಬಿಸಿಲೇರಿ ಹೂವು ಪೂರ್ತಿ ಬಿಚ್ಚಿದಾಗ ಒಣ ಬ್ರಷ್‌ನಿಂದ ಪರಾಗ ದಾಟಿಸಿ.